ದುಡಿದದ್ದು .38, ಹೆಸರು ಬಂದದ್ದು .44ಕ್ಕೆ

ಹಾಲಿವುಡ್ ಸಿನಿಮಾದ ಪೊಲೀಸ್ ರಿವಾಲ್ವರ್ ಅಂದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು ‘ಡರ್ಟಿ ಹ್ಯಾರಿ’. ಕ್ಲಿಂಟ್ ಈಸ್ಟ್‌ವುಡ್ ಕೈಯಲ್ಲಿ ಉದ್ದ ನಳಿಗೆಯ ಸ್ಮಿತ್ ಅಂಡ್ ವೆಸನ್ ಮಾಡೆಲ್ 29, .44 ಮ್ಯಾಗ್ನಮ್. (.44, .38 ಅನ್ನುವುದು ಗುಂಡಿನ ದಪ್ಪ, ಸುಮಾರಾಗಿ ಇಂಚಿನ ಲೆಕ್ಕದಲ್ಲಿ. ಮ್ಯಾಗ್ನಮ್ ಅಂದರೆ ಹೆಚ್ಚು ಜೋರಿನ ಗುಂಡು.) 1971ರಲ್ಲಿ ಚಿತ್ರ ಬಂದ ಮೇಲೆ ಅಮೆರಿಕದಲ್ಲಿ ಆ ರಿವಾಲ್ವರಿಗೆ ಎಷ್ಟು ಬೇಡಿಕೆ ಬಂತು ಅಂದರೆ ಅಂಗಡಿಯಲ್ಲಿ ಸಿಗುವುದೇ ಕಷ್ಟವಾಯಿತು. ನನಗೆ ಇದು ಅನ್ಯಾಯ ಅನ್ನಿಸುತ್ತದೆ. 1955ರಲ್ಲಿ ಅದು ಬಂದಾಗ ಮುಖ್ಯವಾಗಿ ಬೇಟೆಗಾರರ ಕೈ ಸೇರಿತ್ತು. ಬೀಟ್ ತಿರುಗುವ ಪೊಲೀಸರ ಸೊಂಟದಲ್ಲಿ ನಿಜವಾಗಿ ಇದ್ದದ್ದು ಅದೇ ಕಂಪನಿಯ ಬೇರೆ ರಿವಾಲ್ವರ್.

ಅದರ ಮೊದಲ ಹೆಸರೇ ‘ಮಿಲಿಟರಿ ಅಂಡ್ ಪೊಲೀಸ್’. 1899ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹುಟ್ಟಿದ್ದು. 1957ರಲ್ಲಿ ಕಂಪನಿ ತನ್ನ ರಿವಾಲ್ವರುಗಳಿಗೆ ನಂಬರ್ ಕೊಟ್ಟಾಗ ಮಾಡೆಲ್ 10 ಆಯಿತು. .38 ಸ್ಪೆಷಲ್ ಗುಂಡು, ತಿರುಗುವ ಸಿಲಿಂಡರಿನಲ್ಲಿ ಹಿಡಿಯುವುದು ಆರು. ಇದುವರೆಗೆ 60 ಲಕ್ಷಕ್ಕೂ ಜಾಸ್ತಿ ತಯಾರಾಗಿವೆ ಅನ್ನುತ್ತಾರೆ. ಇದರ ತಮ್ಮಂದಿರೂ ಇದ್ದಾರೆ. ಮಫ್ತಿಯವರಿಗಾಗಿ ಐದೇ ಗುಂಡಿನ ಗಿಡ್ಡ ಮಾಡೆಲ್ 36. .357 ಮ್ಯಾಗ್ನಮ್ ಹಾರಿಸುವ ಮಾಡೆಲ್ 19. ಎಫ್‌ಬಿಐ ಕೊಡುತ್ತಿದ್ದ ಮೂರಿಂಚಿನ ಮಾಡೆಲ್ 13. ‘ಸೈಲೆನ್ಸ್ ಆಫ್ ದ ಲ್ಯಾಂಬ್ಸ್’ ಚಿತ್ರದಲ್ಲಿ ಎಫ್‌ಬಿಐ ತರಬೇತಿಯಲ್ಲಿರುವ ಕ್ಲಾರಿಸ್ ಕತ್ತಲಲ್ಲಿ ನಡುಗುವ ಕೈಯಲ್ಲಿ ಹಿಡಿದಿರುವುದು ಇದೇ 13.

ಈ ರಿವಾಲ್ವರುಗಳು ಕೆಲಸ ಮಾಡುವ ರೀತಿಯೇ ಚೆಂದ. ಟ್ರಿಗರ್ ಎಳೆದರೆ ಹಿಂದಿನ ಹ್ಯಾಮರ್ ಏಳುತ್ತದೆ, ಜೊತೆಗೇ ಸಿಲಿಂಡರ್ ಒಂದು ಮನೆ ತಿರುಗುತ್ತದೆ, ಆಮೇಲೆ ಹ್ಯಾಮರ್ ಬೀಳುತ್ತದೆ. ಎಳೆತ ಉದ್ದ, ಭಾರ. ಸುಮ್ನೆ ಬೆರಳು ತಾಗಿದರೆ ಹಾರುವಂಥದ್ದಲ್ಲ. ಗುಂಡು ಹಾರದಂತೆ ತಡೆಯಲು ಹಲವು ಪಿಸ್ತೂಲುಗಳಲ್ಲಿ ಇರುವಂಥ ಸೇಫ್ಟಿ ಗುಂಡಿ ಇವುಗಳಲ್ಲಿ ಇಲ್ಲ. ಆದರೂ ಪತ್ತೇದಾರಿ ಕಥೆಗಳಲ್ಲಿ ರಿವಾಲ್ವರಿನ ಸೇಫ್ಟಿ ತೆಗೆಯುವ ಪಾತ್ರಗಳು ಬರುತ್ತಲೇ ಇರುತ್ತವೆ. ತುದಿಗೆ ಸೈಲೆನ್ಸರ್ ಸಿಕ್ಕಿಸುವುದೂ ಅಷ್ಟೇ. ಸಿಲಿಂಡರಿಗೂ ನಳಿಗೆಗೂ ನಡುವೆ ಸಣ್ಣ ಸಂದು ಇರುತ್ತದೆ, ಸದ್ದು ಅಲ್ಲಿಂದಲೂ ಹೊರಗೆ ಬರುತ್ತದೆ.

ಆರು ಮುಗಿದರೆ ಮುಗಿಯಿತು. ಹೆಬ್ಬೆರಳಿನಿಂದ ಲಾಚ್ ಮುಂದೆ ತಳ್ಳಬೇಕು, ಸಿಲಿಂಡರನ್ನು ಎಡಕ್ಕೆ ಹೊರಳಿಸಬೇಕು, ಕಡ್ಡಿ ಒತ್ತಿ ಖಾಲಿ ತೋಟಾಗಳನ್ನು ಉದುರಿಸಬೇಕು, ಹೊಸದನ್ನು ಒಂದೊಂದಾಗಿ ತುಂಬಬೇಕು. ಎದುರಿಗೆ ಗುಂಡು ಹಾರಿಸುವವನು ಇದ್ದಾಗ ಇದು ಪ್ರಾಣದ ಪ್ರಶ್ನೆ. 1970ರಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್‌ನಲ್ಲಿ ಒಂದೇ ರಾತ್ರಿ ನಾಲ್ವರು ಹೆದ್ದಾರಿ ಪೊಲೀಸರು ಸತ್ತರು. ಅದಾದ ಮೇಲೆ ಆರೂ ತೋಟಾಗಳನ್ನು ಒಟ್ಟಿಗೆ ತುಂಬುವ ಸ್ಪೀಡ್‌ಲೋಡರ್ ಅಲ್ಲಿನ ಪೊಲೀಸರಿಗೆ ಸಿಕ್ಕಿತು.

ಸಿನಿಮಾ ಈ ‘ಆರು’ ಅನ್ನುವ ಮಿತಿಯನ್ನು ಮರೆತಾಗ ನನಗೆ ಬೇಜಾರಾಗುತ್ತದೆ. ನೆನಪಿಟ್ಟುಕೊಂಡಾಗ ದೃಶ್ಯವೇ ಬೇರೆಯಾಗುತ್ತದೆ. ‘ಶಾಶಾಂಕ್ ರಿಡೆಂಪ್ಷನ್’ ನೆನಪಿದೆಯಲ್ವಾ? ಅದು ಪೊಲೀಸ್ ಕಥೆಯಲ್ಲ, ಆದರೂ ಹೇಳಲೇಬೇಕು. ಶುರುವಿನ ಕೋರ್ಟ್ ದೃಶ್ಯದಲ್ಲಿ ಸರ್ಕಾರಿ ವಕೀಲ ಒಂದೇ ಲೆಕ್ಕ ಮುಂದಿಡುತ್ತಾನೆ. ರಿವಾಲ್ವರಿನಲ್ಲಿ ಹಿಡಿಯುವುದು ಆರು, ಹಾರಿರುವುದು ಎಂಟು. ಅಂದರೆ ಕೊಂದವನು ನಡುವೆ ನಿಂತು ಮತ್ತೆ ತುಂಬಿದ್ದಾನೆ. ಕೋಪದ ಭರದಲ್ಲಿ ಆದ ಕೊಲೆ ಅನ್ನುವ ಮಾತೇ ಅಲ್ಲಿ ಬಿದ್ದುಹೋಗುತ್ತದೆ.

‘ಡರ್ಟಿ ಹ್ಯಾರಿ’ಯಲ್ಲೂ ಎಣಿಕೆ ಇದೆ, ಒಪ್ಪುತ್ತೇನೆ. ಹಾರಿದ್ದು ಐದೋ ಆರೋ ಅಂತ ನೆಲಕ್ಕೆ ಬಿದ್ದವನನ್ನು ಹ್ಯಾರಿ ಕೆಣಕುವ ದೃಶ್ಯ ಚೆನ್ನಾಗಿಯೇ ಇದೆ. ಆದರೆ ಅಲ್ಲಿ ಲೆಕ್ಕ ಬರುವುದು ಹೀರೋಗೆ ಗತ್ತು ಕೊಡಲಿಕ್ಕೆ. ಅದೇ 1971ರಲ್ಲಿ ವಿಲಿಯಂ ಫ್ರೀಡ್‌ಕಿನ್ ಅವರ ‘ದ ಫ್ರೆಂಚ್ ಕನೆಕ್ಷನ್’ ಕೂಡ ಬಂತು. ಅದರಲ್ಲಿ ಜೀನ್ ಹ್ಯಾಕ್‌ಮನ್ ಮಾಡಿದ ಪೊಪೈ ಡಾಯ್ಲ್ ಕೈಯಲ್ಲಿರುವುದು ಗಿಡ್ಡ ನಳಿಗೆಯ .38, ನ್ಯೂಯಾರ್ಕಿನ ಮಫ್ತಿ ಪೊಲೀಸರು ಇಟ್ಟುಕೊಳ್ಳುತ್ತಿದ್ದಂಥದ್ದು. ಕೊನೆಯ ದೃಶ್ಯದಲ್ಲಿ ಪಾಳುಬಿದ್ದ ಕಟ್ಟಡದೊಳಗೆ ಒಂದು ನೆರಳು ಕಂಡು ಅವನು ಗುಂಡು ಹಾರಿಸುತ್ತಾನೆ. ಸತ್ತವನು ಕಳ್ಳನಲ್ಲ, ಜೊತೆಯಲ್ಲೇ ಬಂದಿದ್ದ ಕೇಂದ್ರ ಸರ್ಕಾರದ ಅಧಿಕಾರಿ. ಡಾಯ್ಲ್ ಹೆಣದ ಪಕ್ಕದಲ್ಲೇ ರಿವಾಲ್ವರಿಗೆ ಮತ್ತೆ ತೋಟಾ ತುಂಬುತ್ತಾನೆ, ಮುಂದಕ್ಕೆ ಓಡುತ್ತಾನೆ. ಇನ್ನೊಬ್ಬನಾಗಿದ್ದರೆ ಕುಸಿದು ಕೂರುತ್ತಿದ್ದ. ಆ ಮನುಷ್ಯ ಎಂಥವನು ಅಂತ ತೋರಿಸಲು ಫ್ರೀಡ್‌ಕಿನ್‌ಗೆ ಆ ಕೈಗಳ ಕೆಲಸವೇ ಸಾಕಾಯಿತು. ಪೊಲೀಸ್ ರಿವಾಲ್ವರನ್ನು ಇಷ್ಟು ಪ್ರಾಮಾಣಿಕವಾಗಿ ತೋರಿಸಿದ ಅಮೆರಿಕನ್ ಚಿತ್ರ ನಾನು ಬೇರೆ ನೋಡಿಲ್ಲ.

1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಎದುರು ಎಂಟು ಎಫ್‌ಬಿಐ ಏಜೆಂಟರು ನಿಂತರು. ಹೆಚ್ಚಿನವರ ಕೈಯಲ್ಲಿ ರಿವಾಲ್ವರ್, ಎದುರಿಗೆ ರೈಫಲ್. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಅಲ್ಲಿಂದ ಹೆಚ್ಚು ಗುಂಡು ಹಿಡಿಯುವ ಪಿಸ್ತೂಲಿನ ಕಾಲ ಜೋರಾಗಿ ಶುರುವಾಯಿತು. ಮರುವರ್ಷವೇ ಬಂದ ‘ಲೀಥಲ್ ವೆಪನ್’ನಲ್ಲಿ ಮೆಲ್ ಗಿಬ್ಸನ್ ಕೈಯಲ್ಲಿ ಬೆರೆಟಾ ಪಿಸ್ತೂಲು, ಐವತ್ತು ತುಂಬಿದ ಡ್ಯಾನಿ ಗ್ಲೋವರ್ ಪಾತ್ರದ ಕೈಯಲ್ಲಿ ಮಾಡೆಲ್ 19. ವಯಸ್ಸಾದವರ ಬಂದೂಕು ಅಂತ ಗಿಬ್ಸನ್ ಕಿಚಾಯಿಸುತ್ತಾನೆ. ಪಿಸ್ತೂಲು ಬಂದದ್ದು ಪೊಲೀಸರ ಜೀವಕ್ಕೆ ಒಳ್ಳೆಯದೇ ಆಯಿತು, ಅದರಲ್ಲಿ ಎರಡು ಮಾತಿಲ್ಲ. ತೆರೆಯ ಮೇಲೆ ಮಾತ್ರ ಗುಂಡುಗಳು ಅಗ್ಗವಾದವು. ಮೂವತ್ತು ಹಾರಿದರೂ ಯಾರೂ ತಲೆ ಕೆಡಿಸಿಕೊಳ್ಳಲ್ಲ. 2017ರಲ್ಲಿ ಅಮೆರಿಕದ ಪ್ಯೂ ಸಂಶೋಧನಾ ಸಂಸ್ಥೆ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕರ್ತವ್ಯದಲ್ಲಿ ಒಮ್ಮೆಯಾದರೂ ಗುಂಡು ಹಾರಿಸಿದ್ದೇವೆ ಅಂದ ಅಮೆರಿಕನ್ ಪೊಲೀಸರು ಶೇ. 27 ಮಾತ್ರ. ಉಳಿದವರಿಗೆ ಅದು ದಿನವೂ ಸೊಂಟದಲ್ಲಿ ಹೊರುವ ಭಾರ, ಅಷ್ಟೇ.

ಆ ಭಾರವನ್ನೇ ಕಥೆ ಮಾಡಿಕೊಂಡ ಚಿತ್ರ ಬಂದದ್ದು ಹಾಂಗ್‌ಕಾಂಗ್‌ನಿಂದ. ಅಲ್ಲಿನ ಪೊಲೀಸರೂ ದಶಕಗಳ ಕಾಲ .38 ರಿವಾಲ್ವರನ್ನೇ ನಂಬಿದವರು. ಜಾನಿ ಟೋ ನಿರ್ದೇಶನದ ‘ಪಿಟಿಯು’ (ಪೊಲೀಸ್ ಟ್ಯಾಕ್ಟಿಕಲ್ ಯೂನಿಟ್ ಅನ್ನುವ ಅಲ್ಲಿನ ಪೊಲೀಸ್ ಪಡೆಯ ಹೆಸರು), 2003ರದ್ದು. ಒಬ್ಬ ಸಾರ್ಜೆಂಟ್ ರಾತ್ರಿ ಹೊತ್ತು ತನ್ನ ರಿವಾಲ್ವರ್ ಕಳೆದುಕೊಳ್ಳುತ್ತಾನೆ. ಮೇಲಿನವರಿಗೆ ಗೊತ್ತಾದರೆ ಬಡ್ತಿ ಹೋಯಿತು. ಗಸ್ತಿನಲ್ಲಿದ್ದ ಗೆಳೆಯರು ಬೆಳಗಿನವರೆಗೆ ಬಾಯಿ ಬಿಡದೆ ಹುಡುಕಿಕೊಡಲು ಒಪ್ಪುತ್ತಾರೆ. ಆ ಮಾತು ಉಳಿಸಿಕೊಳ್ಳಲು ಸಮವಸ್ತ್ರದವರು ಎಂಥ ಕೆಲಸಕ್ಕೆಲ್ಲ ಇಳಿಯುತ್ತಾರೆ ಅನ್ನುವುದೇ ಇಡೀ ಚಿತ್ರ. ಕೊನೆ ಹೇಳಿದರೆ ಮಜಾ ಹೋಗುತ್ತದೆ. ಒಂದೂವರೆ ಗಂಟೆಯೂ ಇಲ್ಲ, ಈ ವಾರವೇ ನೋಡಿ.