ಬೀಜ ಸಣ್ಣದಾದರೆ ಡಾಕ್ಟರಿಗೆ ಹೇಳಲಿಕ್ಕೆ ಯಾಕೆ ನಾಚಿಕೆ?

ಮೈ ಕಟ್ಟಲಿಕ್ಕೆಂದು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಹುಡುಗರು ಈಗ ಮಂಗಳೂರಿನಲ್ಲೂ ಇದ್ದಾರೆ. ಅದರಿಂದ ವೃಷಣ, ಅಂದರೆ ಬೀಜ, ಕುಗ್ಗುತ್ತದೆ ಎಂದು ಚುಚ್ಚುವವನು ಹೇಳುವುದಿಲ್ಲ. ಕುಗ್ಗಿದ ಮೇಲೆ ಇವರೂ ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲ.

ನಾನು ಮೆಡಿಕಲ್ ಶಾಪಿನಲ್ಲಿ ಕೂರುವವನು, ದಿನಾ ಕಾಣುವುದನ್ನೇ ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಹೆಂಗಸರಿದ್ದರೆ ಹೊರಗೆ ಬೈಕಿನ ಹತ್ತಿರವೇ ನಿಲ್ಲುತ್ತಾರೆ. ಖಾಲಿಯಾದ ಮೇಲೆ ಬಂದು, "ಅಣ್ಣಾ, ಅಲ್ಲಿ ಸ್ವಲ್ಪ ಸಣ್ಣ ಆದ ಹಾಗೆ ಉಂಟು, ಮಾತ್ರೆ ಏನಾದ್ರೂ ಉಂಟಾ?" ಅಂತ ಕೇಳುತ್ತಾರೆ. ಕೌಂಟರಿನಲ್ಲಿ ಕೊಡುವಂಥ ಮಾತ್ರೆ ಇದಕ್ಕಿಲ್ಲ ಮಾರಾಯ್ರೆ. ಕಾರಣ ಹುಡುಕಬೇಕು.

ಇಂಜೆಕ್ಷನ್ನಿನ ವಿಷಯ ಹೀಗೆ: ಹೊರಗಿನಿಂದ ಹಾರ್ಮೋನು ಬಂದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ, ವೃಷಣಕ್ಕೆ ಕೆಲಸ ಹೇಳುವ ಹಾರ್ಮೋನುಗಳನ್ನು ಕಳಿಸುವುದನ್ನು ನಿಲ್ಲಿಸುತ್ತದೆ. ಅವು ಬಾರದಿದ್ದರೆ ವೃಷಣಕ್ಕೆ ಕೆಲಸವಿಲ್ಲ. ಅದರ ಗಾತ್ರದ ಬಹುಪಾಲು ವೀರ್ಯಾಣು ತಯಾರಿಸುವ ಸಣ್ಣ ನಾಳಗಳೇ, ಹಾಗಾಗಿ ತಯಾರಿ ನಿಂತರೆ ಅದು ಇಳಿಯುತ್ತದೆ. ಬಿಟ್ಟ ಮೇಲೆ ಹೆಚ್ಚಿನವರಿಗೆ ಚೇತರಿಕೆ ಉಂಟು, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವರಿಗೆ ವರ್ಷ ದಾಟುತ್ತದೆ. ಪೂರ್ತಿ ಮರಳದವರೂ ಇದ್ದಾರೆ. ಮದುವೆಯಾಗಿ ಮಕ್ಕಳಾಗದಿದ್ದಾಗ ಮೊದಲು ಪರೀಕ್ಷೆಗೆ ಹೋಗುವವಳು ಹೆಂಡತಿ. ಇದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ.

ಚಳಿಗೆ ವೃಷಣದ ಚೀಲ ಮುದುಡುವುದು ರೋಗವಲ್ಲ. ಒಂದು ಇನ್ನೊಂದಕ್ಕಿಂತ ತುಸು ದೊಡ್ಡದಿರುವುದೂ ಸಹಜ. ಒಳಗಿನ ಗ್ರಂಥಿಯೇ ಸಣ್ಣದಾಗುತ್ತಾ ಬಂದರೆ, ಮೆತ್ತಗಾದರೆ ತೋರಿಸಬೇಕು. ಡಾಕ್ಟರು 1ರಿಂದ 25 ಮಿಲಿಲೀಟರಿನವರೆಗಿನ 12 ಮಣಿಗಳ ಸರ ಹಿಡಿದು ಹೋಲಿಸಿ ನೋಡುವುದುಂಟು. ವಯಸ್ಕರಿಗೆ ಸಾಮಾನ್ಯವಾಗಿ 15ರಿಂದ 25. ಮತ್ತೆ ಸ್ಕ್ಯಾನ್, ಬೆಳಿಗ್ಗೆ ರಕ್ತಪರೀಕ್ಷೆ. ಇದರಲ್ಲಿ ಮಾನ ಹೋಗುವಂಥದ್ದು ಏನೂ ಇಲ್ಲ.

ಕುಡಿತದಿಂದ ಲಿವರ್ ಹಾಳಾದವರಿಗೂ ಕುಗ್ಗುತ್ತದೆ. ವೆರಿಕೋಸಿಲ್, ಅಂದರೆ ಚೀಲದ ರಕ್ತನಾಳ ಉಬ್ಬುವುದು, ಹೆಚ್ಚಾಗಿ ಎಡಗಡೆಗೆ ಆಗುತ್ತದೆ, ಅದರಿಂದಲೂ ಕುಗ್ಗಬಹುದು. ಕೆನ್ನೆ ಊದುವ ಕೆಪ್ಪಟರಾಯ (ಮಂಪ್ಸ್) ಪ್ರಾಯಕ್ಕೆ ಬಂದ ಹುಡುಗರಿಗಾದರೆ ಕೆಲವರಲ್ಲಿ ಬಾವು ವೃಷಣಕ್ಕೂ ಇಳಿಯುತ್ತದೆ, ಆಮೇಲೆ ಅದು ಕುಗ್ಗಬಹುದು. ಸರ್ಕಾರಿ ಲಸಿಕೆಯಲ್ಲಿ ಸಿಗುವುದು ದಡಾರ–ರುಬೆಲ್ಲಾದ ಎಂಆರ್. ಕೆಪ್ಪಟರಾಯಕ್ಕೂ ಸೇರಿದ ಎಂಎಂಆರ್ ಬೇಕಾದರೆ ಮಕ್ಕಳ ಡಾಕ್ಟರ ಹತ್ತಿರ ಕೇಳಿ ಹಾಕಿಸಿ.

ಎಲ್ಲಕ್ಕಿಂತ ಅವಸರದ್ದು ಬೀಜ ತಿರುಚಿಕೊಳ್ಳುವುದು. ರಕ್ತ ನಿಲ್ಲುತ್ತದೆ, ಸುಮಾರು 6 ಗಂಟೆಯೊಳಗೆ ಆಪರೇಷನ್ ಆದರೆ ಉಳಿಯುವ ಸಾಧ್ಯತೆ ಹೆಚ್ಚು, ತಡವಾದಷ್ಟೂ ಸಾಯುತ್ತದೆ ಇಲ್ಲವೇ ಬತ್ತುತ್ತದೆ. ಹದಿಮೂರು-ಹದಿನಾಲ್ಕರ ಹುಡುಗ ನಾಚಿ "ಹೊಟ್ಟೆನೋವು" ಅನ್ನುತ್ತಾನೆ, ಮನೆಯಲ್ಲಿ ಜೀರಿಗೆ ಕಷಾಯ ಮಾಡಿ ಕೊಟ್ಟು ಮಲಗಿಸುತ್ತಾರೆ. ಅಪ್ಪಂದಿರೇ, ಮಗನನ್ನು ಕೋಣೆಗೆ ಕರೆದು ನೇರ ಕೇಳಿ: "ನೋವು ಕೆಳಗೆ ಉಂಟಾ?" ಹೌದು ಅಂದರೆ ಬೆಳಗಾಗಲಿ ಎಂದು ಕಾಯಬೇಡಿ, ಮಂಗಳೂರಿನ ಸರ್ಕಾರಿ ವೆನ್ಲಾಕ್ ಆಸ್ಪತ್ರೆಯಾಗಲಿ, ಸರ್ಜನ್ ಇರುವ ಬೇರೆ ಆಸ್ಪತ್ರೆಯಾಗಲಿ, ಕೂಡಲೇ ಹೊರಡಿ.