ಸ್ಪಷ್ಟನೆ: ‘ಪರ್ಫೆಕ್ಟ್ ಬ್ಲೂ’ ಹಕ್ಕುಗಳನ್ನು ಅರೊನೊಫ್‌ಸ್ಕಿ ಕೊಂಡಿರಲಿಲ್ಲ

ಜಪಾನಿನ ಅನಿಮೇಷನ್ ನಿರ್ದೇಶಕ ಸತೋಶಿ ಕೊನ್ ಅವರ ‘ಪರ್ಫೆಕ್ಟ್ ಬ್ಲೂ’ (1997) ಚಿತ್ರದ ಹಕ್ಕುಗಳನ್ನು ಅಮೆರಿಕದ ನಿರ್ದೇಶಕ ಡ್ಯಾರನ್ ಅರೊನೊಫ್‌ಸ್ಕಿ ಕೇವಲ ಸ್ನಾನದ ತೊಟ್ಟಿಯ ಒಂದು ದೃಶ್ಯಕ್ಕಾಗಿ ಹಣ ಕೊಟ್ಟು ಕೊಂಡರು ಎಂಬ ಸಂದೇಶ ಹರಿದಾಡುತ್ತಿದೆ. ಇದು ನಿಜವಲ್ಲ.

2001ರಲ್ಲಿ ಇಬ್ಬರೂ ಭೇಟಿಯಾದಾಗ ನಡೆದ ಮಾತುಕತೆಯನ್ನು ಕೊನ್ ಅವರೇ ಬರೆದಿಟ್ಟಿದ್ದಾರೆ. ಅದರ ಪ್ರಕಾರ, ಹಕ್ಕು ಪಡೆಯುವುದು ಅರೊನೊಫ್‌ಸ್ಕಿಯವರಿಗೆ ಸಾಧ್ಯವಾಗಿರಲಿಲ್ಲ. ಅರೊನೊಫ್‌ಸ್ಕಿಯವರ ‘ರಿಕ್ವಿಯಮ್ ಫಾರ್ ಎ ಡ್ರೀಮ್’ (2000) ಚಿತ್ರದಲ್ಲಿ ಯುವತಿಯೊಬ್ಬಳು ತೊಟ್ಟಿಯ ನೀರಿನೊಳಗೆ ಚೀರುವ ದೃಶ್ಯ ಕೊನ್ ಅವರಿಗೆ ಸಲ್ಲಿಸಿದ ಗೌರವವಾಗಿತ್ತು.

ಈ ಕಥೆಯಿಂದ ಕೊನ್ ಅವರ ಪ್ರಭಾವವೆಲ್ಲ ಒಂದೇ ಚೌಕಟ್ಟಿಗೆ ಕುಗ್ಗುತ್ತದೆ ಎಂಬುದೇ ನನಗೆ ಹೆಚ್ಚು ಬೇಸರದ ಸಂಗತಿ. ಅವರ ನಿಜವಾದ ವೈಶಿಷ್ಟ್ಯ ಸಂಕಲನದಲ್ಲಿದೆ: ಪಾತ್ರವೊಂದು ವಾಸ್ತವದಲ್ಲಿ ಆರಂಭಿಸಿದ ಚಲನೆ ಕನಸಿನಲ್ಲೋ ಸಿನಿಮಾದೊಳಗಿನ ಸಿನಿಮಾದಲ್ಲೋ ತಡೆಯಿಲ್ಲದೆ ಮುಂದುವರಿಯುತ್ತದೆ, ಗಡಿ ದಾಟಿದ್ದು ನೋಡುಗರಿಗೆ ತಡವಾಗಿ ತಿಳಿಯುತ್ತದೆ. ‘ಮಿಲೆನಿಯಮ್ ಆಕ್ಟ್ರೆಸ್’ (2001) ಚಿತ್ರದ ನಾಯಕಿ ಓಡುತ್ತ ಓಡುತ್ತಲೇ ಶತಮಾನಗಳನ್ನು ದಾಟುವುದನ್ನು ನೋಡಿದವರಿಗೆ ಇದು ಗೊತ್ತು. 2010ರಲ್ಲಿ, 46ನೇ ವಯಸ್ಸಿನಲ್ಲಿ ತೀರಿಕೊಂಡ ಅವರು ಪೂರ್ಣಗೊಳಿಸಿದ ಪೂರ್ಣಾವಧಿ ಚಿತ್ರಗಳು ನಾಲ್ಕೇ.

ದಯವಿಟ್ಟು ಆ ಸಂದೇಶವನ್ನು ಇನ್ನು ಮುಂದೆ ಯಾರಿಗೂ ಕಳುಹಿಸಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಈ ಸ್ಪಷ್ಟನೆಯನ್ನೂ ತಲುಪಿಸಿ.