ಏಳರಲ್ಲಿ ಹೆಸರಿದ್ದದ್ದು ಮೂರಕ್ಕೆ

ಮೊನ್ನೆ ವಿಜಯಪುರದ ಮನೆಯಲ್ಲಿ ಅಟ್ಟ ಸ್ವಚ್ಛ ಮಾಡುವಾಗ ಅವ್ವನ ಹಳೇ ಕಾದಂಬರಿಗಳ ಗಂಟು ಸಿಕ್ಕಿತು. ಮೇಲಿನದಕ್ಕೆ ರಟ್ಟೂ ಇಲ್ಲ, ಮೊದಲಿನ ನಾಲ್ಕು ಪುಟವೂ ಇಲ್ಲ. ಯಾರು ಬರೆದದ್ದೋ ದೇವರೇ ಬಲ್ಲ. ಧೂಳು ಝಾಡಿಸಿ ಅಲ್ಲೇ ಕೂತು ಓದತೊಡಗಿದೆ. ಕಸಬರಿಗೆ ಮೂಲೆ ಸೇರಿತು.

ಕಾದಂಬರಿಯ ಮನೆಯಲ್ಲಿ ಏಳು ಮಕ್ಕಳು. ಹೆಸರಿದ್ದದ್ದು ಮೂರಕ್ಕೆ: ಹಿರಿಮಗ, ಮದುವೆಗೆ ಬಂದ ಮಗಳು, ಒಬ್ಬ ಪುಂಡ. ಉಳಿದ ನಾಲ್ಕು ಅಂಗಳದಲ್ಲಿ ಗದ್ದಲ ಹಾಕಿ ಒಂದೇ ಸಾಲಿನಲ್ಲಿ ಮುಗಿದಿದ್ದವು. ಏಳು ಹೆತ್ತವಳೂ ಅಷ್ಟೇ, ಪುಸ್ತಕದ ತುಂಬ ಬರೀ ‘ತಾಯಿ’. ಆಗ ಓದಿದವರಿಗೆ ಇದು ಕೊರತೆ ಅನ್ನಿಸಿರಲಿಕ್ಕಿಲ್ಲ. ನಮ್ಮ ಮುತ್ತ್ಯಾ ಕೂಡ ಮೊಮ್ಮಕ್ಕಳನ್ನು ಕರೆಯುವಾಗ ನಾಲ್ಕು ತಪ್ಪು ಹೆಸರು ಹೇಳಿ ಐದನೆಯದಕ್ಕೆ ಗುರಿ ಮುಟ್ಟುತ್ತಿದ್ದರು.

ಆಮೇಲೆ ಗೋಡೆಗಳ ಮೇಲೆ ಕುಟುಂಬ ಯೋಜನೆಯ ಗುರುತಾದ ಕೆಂಪು ತ್ರಿಕೋನ ಬಂತು. ಸರಕಾರದ ಆ ಯೋಜನೆ 1952ರಲ್ಲೇ ಶುರುವಾಗಿತ್ತು. ಆದರೆ ಜನರ ಬಾಯಿಗೆ ಹತ್ತಿದ್ದು ‘ಆರತಿಗೊಬ್ಬಳು, ಕೀರ್ತಿಗೊಬ್ಬ’. (ಆರತಿ ತಟ್ಟೆ ಅವನೇ ಹಿಡೀಲಿ, ಕೀರ್ತಿ ನನಗಿರಲಿ ಅಂತ ಅಕ್ಕ ಜಗಳ ತೆಗೆಯುತ್ತಿದ್ದಳು.) ಗಂಟಿನಲ್ಲಿದ್ದ ಎಪ್ಪತ್ತರ ದಶಕದ ಕಾದಂಬರಿಗಳೂ ಆ ಗೋಡೆ ಓದಿದಂತಿದ್ದವು. ನಾಯಕನಿಗೆ ಬ್ಯಾಂಕಿನ ನೌಕರಿ, ಬಾಡಿಗೆ ಮನೆ, ಒಂದು ಹೆಣ್ಣು, ಒಂದು ಗಂಡು. ಸ್ಕೂಟರಿನ ಮೇಲೆ ಹಿಡಿಸುವಷ್ಟೇ ಸಂಸಾರ. ಇಬ್ಬರಿಗೂ ಹೆಸರುಂಟು, ಜ್ವರ ಬಂದರೆ ಒಂದು ಅಧ್ಯಾಯವೂ ಉಂಟು. ಜಾಸ್ತಿ ಮಕ್ಕಳಿದ್ದವರು ಮನೆಗೆಲಸದವಳ ಗುಡಿಸಲಿಗೆ ಹೋಗಿಬಿಟ್ಟಿದ್ದರು, ನಮ್ಮನ್ನು ಅಳಿಸಲಿಕ್ಕೆ. ಅದು ನನಗೆ ಅಷ್ಟು ಸರಿ ಕಾಣಲಿಲ್ಲ.

ಈಗಿನ ಕತೆಗಳಲ್ಲಿ ಒಂದೇ ಮಗು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು. ಈ ಪಾಯಿಂಟ್ ಏಳನ್ನು ಬರೆಯೋದು ಹೇಗೆ? ಕತೆಗಾರರು ಜಾಣರು. ಒಂದು ಮಗು ಪಕ್ಕದ ಕೋಣೆಯಲ್ಲಿ ಮೊಬೈಲ್ ಹಿಡಿದು ಕೂತಿರುತ್ತದೆ. ಪಾಯಿಂಟ್ ಏಳು ಗಂಡ ಹೆಂಡಿರ ಜಗಳದಲ್ಲಿರುತ್ತದೆ: ಇನ್ನೊಂದು ಬೇಕೋ, ಬೇಡವೋ?

ಟಿವಿ ಧಾರಾವಾಹಿಯದು ಇನ್ನೂ ಮಜಾ. ದೊಡ್ಡ ಬಂಗಲೆ, ಹದಿನೈದು ಜನ, ರೇಷ್ಮೆ ಸೀರೆ ಉಟ್ಟೇ ಪಲ್ಯ ಸೋಸುವ ಸೊಸೆಯರು. ಅವ್ವ ರೊಟ್ಟಿ ಬಡಿಯೋದು ನಿಲ್ಲಿಸಿ ಕೇಳುತ್ತಾಳೆ, “ಇಷ್ಟು ಮಂದಿ ಇದ್ದ ಮನ್ಯಾಗ ಒಂದು ಕೂಸೂ ಅಳೂದಿಲ್ಲಲ್ಲೋ, ಇದೆಂಥಾ ಮನಿ?”

ನನಗೂ ಒಬ್ಬಳೇ ಮಗಳು. ರಟ್ಟಿಲ್ಲದ ಆ ಕಾದಂಬರಿಯನ್ನು ಅವಳೂ ಓದಿದಳು, ಪುಟಕ್ಕೊಂದು ಪ್ರಶ್ನೆ. “ಅಪ್ಪಾ, ವೈನಿ ಅಂದ್ರ ಯಾರು? ನೆಗೆಣ್ಣಿ ಅಂದ್ರ?” ಆಮೇಲೆ, “ಈ ನಾಕು ಹುಡುಗರ ಹೆಸರ ಎಲ್ಲಿ?”

“ಬರದವರಿಗೆ ಬೇಕಾಗಿದ್ದಿಲ್ಲ,” ಅಂದೆ.

ರಾತ್ರಿ ಪುಸ್ತಕ ಎತ್ತಿಡಲು ಹೋದರೆ ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ನಾಲ್ಕು ಹೆಸರು ಬರೆದಿದ್ದಳು. ಮೂರು ಅವಳ ಗೆಳತಿಯರವು. ಕೊನೆಯದು ಅವಳದೇ.